ನ್ಯೂಜಿಲೆಂಡಿನ ಬೆಟ್ಟದಲ್ಲಿ ತಾರ್ ಬೇಟೆ: ಪುಣೆಯಲ್ಲಿ ಕೂತು ತಯಾರಿ ಹೇಗೆ?

ಕೊಪ್ಪದವ (ಪುಣೆ, ಬಾಣೇರ್)

ಎಲ್ಲರಿಗೂ ನಮಸ್ಕಾರ. ಯಾರಾದರೂ ಬೈಯುವ ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ದೇಶದ ಕಾಡಿನ ಮಾತಲ್ಲ. 1972ರ ವನ್ಯಜೀವಿ ಕಾಯ್ದೆ ಗೊತ್ತಿದೆ. ಇಲ್ಲಿ ಬೇಟೆ ಅಂದರೆ ಜೈಲು, ಅದು ಸರಿಯೇ. ನಾನು ಕೇಳುತ್ತಿರುವುದು ನ್ಯೂಜಿಲೆಂಡಿನ ವಿಷಯ.

ಅಕ್ಕ, ಭಾವ ಕ್ರೈಸ್ಟ್‌ಚರ್ಚ್‌ನಲ್ಲಿದ್ದು 11 ವರ್ಷ ಆಯಿತು. ಭಾವನಿಗೆ ಅಲ್ಲಿ ಬಂದೂಕಿನ ಲೈಸೆನ್ಸ್ ಇದೆ. ಆಫೀಸಿನವರ ಜೊತೆ ವರ್ಷಕ್ಕೊಂದೆರಡು ಸಲ ಬೆಟ್ಟಕ್ಕೆ ಹೋಗಿ ಬರುತ್ತಾರೆ. ಮೊನ್ನೆ ಫೋನಿನಲ್ಲಿ, 'ಸುಮ್ನೆ ಫೋಟೋಗೆ ಲೈಕ್ ಹಾಕ್ತಾ ಕೂತಿರ್ತೀಯಲ್ಲ, ಮುಂದಿನ ಜೂನ್‌ಗೆ ಬಾ, ನಿನ್ನನ್ನೂ ತಾರ್ ಬೇಟೆಗೆ ಕರ್ಕೊಂಡು ಹೋಗ್ತೀನಿ' ಅಂದರು. ಹ್ಞೂಂ ಅಂದುಬಿಟ್ಟೆ. ಈಗ ರಾತ್ರಿ ನಿದ್ದೆ ಬರುತ್ತಿಲ್ಲ.

ತಾರ್ ಅಂದರೆ ಹಿಮಾಲಯದ ಕಾಡುಮೇಕೆ. ಮುನ್ನಾರ್ ಕಡೆ ಎರವಿಕುಲಂನಲ್ಲಿ ನೀಲಗಿರಿ ತಾರ್ ನೋಡಿರುತ್ತೀರಲ್ಲ, ಅದರ ದಾಯಾದಿ. ಗಂಡಿಗೆ ಕುತ್ತಿಗೆ ಸುತ್ತ ಸಿಂಹಕ್ಕಿರುವ ಹಾಗೆ ಉದ್ದ ಕೂದಲು. ಇಂಗ್ಲೆಂಡಿನ ಒಬ್ಬ ಡ್ಯೂಕ್ ಉಡುಗೊರೆ ಕೊಟ್ಟ ಕೆಲವನ್ನು 1904ರಲ್ಲಿ ಮೌಂಟ್ ಕುಕ್ ಹತ್ತಿರ ಬಿಟ್ಟರಂತೆ. ಅಲ್ಲಿ ಚಿರತೆ ಇಲ್ಲ, ತೋಳ ಇಲ್ಲ. ಆ ನೆಲಕ್ಕೆ ಸೇರಿದ ಸಸ್ತನಿ ಅಂದರೆ ಬಾವಲಿ ಮಾತ್ರ. ಇನ್ನೇನು, ಸಂತಾನ ಬೆಳೆದು ಬೆಟ್ಟದ ಹುಲ್ಲು, ಹೂಗಿಡ ಎಲ್ಲ ಬೋಳಿಸಲು ಶುರು ಮಾಡಿದವು. 1993ರಲ್ಲಿ ಸರ್ಕಾರ ಒಂದು ಯೋಜನೆ ಮಾಡಿ, ಒಟ್ಟು 10,000 ದಾಟಬಾರದು ಅಂತ ಗೆರೆ ಎಳೆಯಿತು. ಆ ಗೆರೆ ಉಳಿಸಲು ಹೆಲಿಕಾಪ್ಟರಿನಿಂದಲೂ ಹೊಡೆಯುತ್ತಾರೆ, ಜನರಿಗೂ ಪರ್ಮಿಟ್ ಕೊಡುತ್ತಾರೆ. ಸರ್ಕಾರಿ ಜಾಗದ ಪರ್ಮಿಟ್ ಪುಕ್ಕಟೆ, ಆನ್‌ಲೈನಿನಲ್ಲೇ ಸಿಗುತ್ತದೆ. ವರ್ಷಪೂರ್ತಿ ಹೊಡೆಯಬಹುದು.

ಈಗ ನನ್ನ ಕಥೆ. ವಯಸ್ಸು 41. ತೂಕ 84 ಕೆಜಿ. ಹಿಂಜೆವಾಡಿಯಲ್ಲಿ ಕುರ್ಚಿ ಕೆಲಸ. ವರ್ಷಕ್ಕೆರಡು ಸಲ ಇಲ್ಲೇ ಪಕ್ಕದ ಸಿಂಹಗಡ ಕೋಟೆ ಹತ್ತುತ್ತೇನೆ. ಅದೂ ಮೇಲೆ ಪಿಠ್ಲ ಭಾಕರಿ ಸಿಗುತ್ತದೆ ಅನ್ನುವ ಆಸೆಗೆ.

ಕೋವಿ ಮಾತ್ರ ಹೊಸದಲ್ಲ. ಅಜ್ಜನ ಜೋಡುನಳಿಗೆ ಕೋವಿ ನಮ್ಮ ಮನೆಯಲ್ಲಿತ್ತು. ಬೆಳೆ ರಕ್ಷಣೆ ಲೈಸೆನ್ಸಿನದು. ಎಲೆಕ್ಷನ್ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ಬರಬೇಕು. ಅಪ್ಪನ ಬೈಕಿನ ಹಿಂದೆ ಕೋವಿ ಹಿಡಿದು ಕೂರುವ ಕೆಲಸ ನನ್ನದು. ಠಾಣೆಯವರು ಹಗ್ಗದಲ್ಲಿ ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದರು. ವಾಪಸ್ ತಂದ ದಿನ ಅಜ್ಜ ಆ ಚೀಟಿಯನ್ನೂ ಬಿಚ್ಚದೆ ಕೋವಿಯನ್ನು ನಡುವೆ ಮಡಚಿ ತೆರೆದು, ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡುತ್ತಿದ್ದರು. 'ತುಕ್ಕು ಹಿಡಿಸಿ ಕೊಟ್ಟಿದಾರೆ' ಅನ್ನುವುದು ಪ್ರತಿಸಲದ ಮಾತು. ಆಮೇಲೆ ಕೊಬ್ಬರಿ ಎಣ್ಣೆ, ಹಳೇ ಪಂಚೆಯ ಚೂರು. ಆ ಕೋವಿಯನ್ನು ನಾನು ಒರೆಸಿದ್ದು ಬಿಟ್ಟರೆ ಒಂದು ಈಡೂ ಹೊಡೆದವನಲ್ಲ. ಹೊಡೆದಿದ್ದು ಎನ್‌ಸಿಸಿ ಕ್ಯಾಂಪಿನ .22 ರೈಫಲ್ಲು, ಅದೂ ಮಲಗಿಕೊಂಡು, ಕಾಗದದ ಗುರಿಗೆ.

ಅಜ್ಜನ ಕಾಲದ ಬೇಟೆ ಕಥೆ ಕೇಳಿ ಬೆಳೆದವನು ನಾನು. ಆದರೆ ಆ ಬೇಟೆಯೇ ಬೇರೆ. ಹಳು ಸೋವುವವರು, ಅಂದರೆ ಪೊದೆಯಿಂದ ಪ್ರಾಣಿ ಎಬ್ಬಿಸುವವರು, ಕೂಗುತ್ತಾ ಸೋವಿಕೊಂಡು ಬರುತ್ತಾರೆ, ಇವರು ಬಿಲ್ಲಿಗೆ, ಅಂದರೆ ಕಾಯುವ ಜಾಗದಲ್ಲಿ, ನಿಂತಿರುತ್ತಾರೆ, ಪ್ರಾಣಿ ತಾನಾಗಿ ಎದುರಿಗೆ ಬರುತ್ತದೆ. ಇಲ್ಲಿ ಪ್ರಾಣಿ ಎಲ್ಲಿಗೂ ಬರುವುದಿಲ್ಲ. ನಾವೇ ಅದು ಇರುವ ಬಂಡೆಗೆ ಹೋಗಬೇಕು. ಭಾವ ಕಳಿಸಿದ ವಿಡಿಯೋದಲ್ಲಿ ಅದು ನಿಂತಿದ್ದ ಜಾಗ ನೋಡಿ ನನ್ನ ಅಂಗಾಲು ಬೆವರಿತು.

ಮಳೆ ಈಗಷ್ಟೇ ನಿಂತಿದೆ. ಕೈಯಲ್ಲಿ ಎಂಟು ತಿಂಗಳಿದೆ. ಇಲ್ಲೇ ಸಹ್ಯಾದ್ರಿಯಲ್ಲಿ ಹೇಗೆ ತಯಾರಾಗುವುದು? ಜಿಮ್ ಸಾಕಾ? ಗುರಿ ಎಲ್ಲಿ ಕಲಿಯುವುದು? ಜೂನ್ ಸರಿಯಾದ ತಿಂಗಳಾ? ಒಂದು ಜೊತೆ ಕೋಡು ಮನೆಗೆ ತರಬಹುದಾ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ. ಹೆಂಡತಿಗೆ ಇನ್ನೂ 'ಅಕ್ಕನ ಮನೆಗೆ' ಅಂತ ಮಾತ್ರ ಹೇಳಿದ್ದೇನೆ.

ವಡಾಪಾವ್ ಗೌಡ (ಪುಣೆ, ಹಡಪ್ಸರ್)

ತಾರ್ ಬೇಟೆ ಅಂತ ನೋಡಿ, ಯಾರೋ ಜೀಪ್ ಬುಕ್ ಮಾಡಿ ಶೋರೂಮಿಗೆ ಅಲೆಯುತ್ತಿದ್ದಾರೆ ಅಂದುಕೊಂಡು ಒಳಗೆ ಬಂದೆ. ಕ್ಷಮಿಸಿ. ಮುಂದುವರಿಸಿ.

ಬೆಳಗಾಂವಿ ಕಾಕಾ (ಪಿಂಪರಿ ಚಿಂಚವಡ)

ತಮ್ಮಾ, ನಾ ಎರಡು ಸಲ ಹೋಗಿ ಬಂದೇನಿ. ಮಗ ಕ್ರೈಸ್ಟ್‌ಚರ್ಚ್ ಹತ್ತಿರದ ಲಿಂಕನ್‌ನಲ್ಲಿ ಓದುತ್ತಿದ್ದ. ಅವನು ಬಾಡಿಗೆಗಿದ್ದ ಮನೆಯ ಯಜಮಾನ ಬೇಟೆಗಾರ. ಆಗ ನನಗೆ 52. ಮೊದಲನೇ ಸಲ ಮಾಡಿದ ತಪ್ಪು ಎಲ್ಲ ಬರೆಯುತ್ತೇನೆ. ಉದ್ದ ಆಗ್ತದ, ಚಹಾ ತೊಗೊಂಡು ಕೂಡು.

ನಾನು ಆರು ತಿಂಗಳು ಸೊಸೈಟಿ ಜಿಮ್ಮಿನಲ್ಲಿ ಟ್ರೆಡ್‌ಮಿಲ್ ಓಡಿದೆ. ಏರು ಮಾಡಿಕೊಂಡು, ದಿನಾ ಒಂದು ತಾಸು. ಉಸಿರು ಏನೋ ಚಲೋ ಆಯಿತು. ಬೆಟ್ಟ ಹತ್ತುವಾಗ ಆ ಯಜಮಾನನೇ ಭೇಷ್ ಅಂದ. ಇಳಿಯುವಾಗ ಗೊತ್ತಾಯಿತು. ಟ್ರೆಡ್‌ಮಿಲ್ಲಿಗೆ ಇಳಿಜಾರು ಅನ್ನುವುದೇ ಇರಲಿಲ್ಲ. ಎರಡನೇ ದಿನಕ್ಕೆ ತೊಡೆ ನಡುಗಲು ಶುರುವಾಯಿತು. ಮೂರನೇ ದಿನ ಎರಡೂ ಹೆಬ್ಬೆರಳ ಉಗುರು ಕಪ್ಪಾದವು. ನಾಲ್ಕನೇ ದಿನ ಗುಡಿಸಲಿನ ಮೆಟ್ಟಿಲನ್ನು ಕೂಸಿನ ಹಾಗೆ ಕೂತು ಇಳಿದೆ.

ಅದಕ್ಕೇ ಹೇಳುತ್ತೇನೆ, ಜಿಮ್ ಬಿಡು, ಗಡ ಹಿಡಿ. ಬುಡದ ಆತಕರವಾಡಿಯಿಂದ ಸಿಂಹಗಡ, ವಾರಕ್ಕೆ ಎರಡು ಸಲ. ತಿಂಗಳಿಗೊಮ್ಮೆ ತೋರಣಾ ಇಲ್ಲಾ ರಾಜಗಡ. ಬೆನ್ನಿಗೆ ನೀರಿನ ಕ್ಯಾನು. ಮೊದಲು 8 ಲೀಟರ್, ನಿಧಾನಕ್ಕೆ 20. ಇಲ್ಲಿ ಎಲ್ಲರೂ ಒಂದು ಮಾತು ಹೇಳುತ್ತಾರೆ: ನೀರು ಹೊತ್ತು ಹತ್ತು, ಮೇಲೆ ಚೆಲ್ಲಿ ಹಗುರಾಗಿ ಇಳಿ, ಮಂಡಿ ಉಳಿಯುತ್ತದೆ ಅಂತ. ಬೇರೆ ಟ್ರೆಕ್ಕಿಗೆ ಅದು ಸರಿ. ನೀನು ಚೆಲ್ಲಬೇಡ. ಬೇಟೆಯಲ್ಲಿ ಭಾರ ಬೀಳುವುದು ಇಳಿಯುವಾಗ. ದೊಡ್ಡ ಗಂಡು ತಾರ್ 70 ಕೆಜಿ ಮೇಲೆ ತೂಗುತ್ತದೆ. ಮೂಳೆ ಬಿಡಿಸಿದ ಮಾಂಸ, ತಲೆ, ಚರ್ಮ ಅಂತ ಇಬ್ಬರು ಹಂಚಿಕೊಂಡರೂ ಒಬ್ಬೊಬ್ಬರ ಬೆನ್ನಿಗೆ 20 ಕೆಜಿಗೆ ಕಡಿಮೆ ಇರುವುದಿಲ್ಲ. ಅದರ ಮೇಲೆ ನಿನ್ನ ಸಾಮಾನು. ಅದಕ್ಕೆ ಮಂಡಿ ಈಗಿನಿಂದಲೇ ತಯಾರಾಗಬೇಕು. ಸಾವಕಾಶ ಏರಿಸು, ಒಮ್ಮೆಲೆ 20 ಹಾಕಿದರೆ ಬೇಟೆಯ ಬದಲು ಆರ್ಥೋ ಡಾಕ್ಟರ ಹತ್ತಿರ ಹೋಗುತ್ತೀ.

ಎತ್ತರದ ಭಯ ಇಟ್ಟುಕೊಳ್ಳಬೇಡ. ಮೌಂಟ್ ಕುಕ್ 3,724 ಮೀಟರ್ ಇದ್ದರೂ ತಾರ್ ಹುಡುಕುವುದು ಬಹಳ ಮಾಡಿ 2,000 ಮೀಟರ್ ಆಸುಪಾಸಿನಲ್ಲಿ. ಲಡಾಖಿನ ಹಾಗೆ ಉಸಿರು ಕಟ್ಟುವುದಿಲ್ಲ. ಕಟ್ಟುವುದು ಇಳಿಜಾರು ನೋಡಿದಾಗ.

ಇನ್ನು ತಿಂಗಳು. ಗಂಡಿನ ಕೂದಲು ಚೆಂದ ತುಂಬಿರುವುದು ಮೇ, ಜೂನ್, ಜುಲೈ. ಅದು ಬೆದೆಯ ಕಾಲ, ಗಂಡುಗಳು ಹೆಣ್ಣಿನ ಹಿಂಡಿಗೆ ಬರುತ್ತವೆ, ಸಿಗುವುದೂ ಜಾಸ್ತಿ. ಎಲ್ಲರೂ ಅದಕ್ಕೇ ಆಗ ಹೋಗುತ್ತಾರೆ. ಆದರೆ ಜೂನ್ ಅಂದರೆ ಅಲ್ಲಿ ನಡುಚಳಿಗಾಲ. ಬೆಳಕಾಗುವುದು ಎಂಟಕ್ಕೆ, ಸಂಜೆ ಐದಕ್ಕೆ ಮುಳುಗುತ್ತದೆ. ಕೈಯಲ್ಲಿ ಇರುವುದೇ ಒಂಬತ್ತು ತಾಸು. ಮೇಲೆ ಹಿಮ, ನೆರಳಿನ ಕಡೆ ಮಂಜುಗಡ್ಡೆ. ಶೂಗೆ ಮೊಳೆಪಟ್ಟಿ ಕಟ್ಟಿ, ಐಸ್ ಕೊಡಲಿ ಹಿಡಿದು ನಡೆಯಬೇಕು. ಅದನ್ನು ಸಿಂಹಗಡದಲ್ಲಿ ಕಲಿಯಲು ಆಗುವುದಿಲ್ಲ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಇದೆ, 28 ದಿನದ್ದು. ಅಷ್ಟು ರಜೆ ನಿನಗೆ ಯಾರು ಕೊಡುತ್ತಾರೆ? ಅದಕ್ಕೆ ನನ್ನ ಮಾತು ಕೇಳು, ಮೊದಲ ಸಲ ಏಪ್ರಿಲ್ ಕೊನೆ, ಮೇ ಮೊದಲ ವಾರ ಇಟ್ಟುಕೋ. ಕೂದಲು ಸ್ವಲ್ಪ ಕಡಿಮೆ ಇರಬಹುದು. ಹಿಮವೂ ಕಡಿಮೆ ಇರುತ್ತದೆ. ಕೂದಲು ನೋಡಲು ಹೋಗಿ ಕಾಲು ಮುರಿದುಕೊಂಡರೆ ಏನು ಬಂತು?

ಗುರಿಯ ಬಗ್ಗೆ. ಬಾಲೇವಾಡಿ ನಿನ್ನ ಮನೆ ಪಕ್ಕದಲ್ಲೇ ಇದೆಯಲ್ಲ. 2008ರ ಕಾಮನ್‌ವೆಲ್ತ್ ಯೂತ್ ಗೇಮ್ಸ್ ನಡೆದ ಸ್ಟೇಡಿಯಂ. ಅಲ್ಲಿ ಶೂಟಿಂಗ್ ರೇಂಜ್ ಇದೆ. ಊರಲ್ಲಿ 10 ಮೀಟರ್ ಏರ್ ರೈಫಲ್ ಕಲಿಸುವ ಕ್ಲಬ್ಬುಗಳೂ ಬೇಕಾದಷ್ಟಿವೆ. ಅಲ್ಲಿ ದೂರ ಸಿಗದಿದ್ದರೂ ಕೈ ಸಿಗುತ್ತದೆ. ಉಸಿರು ಅರ್ಧ ಬಿಟ್ಟು ತಡೆಯುವುದು, ಟ್ರಿಗರ್ ಜಗ್ಗದೆ ಒತ್ತುವುದು, ಗುಂಡು ಹೋದ ಮೇಲೂ ಅಲುಗದೆ ಇರುವುದು. ಅದೊಂದು ಬಂದರೆ ಮುಕ್ಕಾಲು ಕೆಲಸ ಮುಗಿಯಿತು. ದೊಡ್ಡ ರೈಫಲ್ ಅಲ್ಲಿ ಹೋದ ಮೇಲೆ ಭಾವನ ಜೊತೆ ಎರಡು ದಿನ ಹೊಡೆದು ನೋಡು. .270, .308 ಇಂಥವು ಅಲ್ಲಿ ಮಾಮೂಲು. ಮೊದಲ ಒದೆಗೆ ಹೆದರಿ ಕಣ್ಣು ಮುಚ್ಚುವುದು ಅಲ್ಲೇ ಮುಗಿಯಲಿ, ಬೆಟ್ಟದ ಮೇಲೆ ಬೇಡ.

ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಕಡಿದಾದ ಬೆಟ್ಟದಲ್ಲಿ ಮೇಲಕ್ಕೋ ಕೆಳಕ್ಕೋ ಹೊಡೆದರೆ ಗುಂಡು ನೀನು ಎಣಿಸಿದ್ದಕ್ಕಿಂತ ಮೇಲೆ ಹೋಗುತ್ತದೆ. ಗುಂಡನ್ನು ಕೆಳಗೆ ಎಳೆಯುವುದು ಅಡ್ಡ ಅಳತೆಯ ದೂರ ಮಾತ್ರ. 45 ಡಿಗ್ರಿ ಇಳಿಜಾರಿನಲ್ಲಿ ದುರ್ಬೀನು 300 ಮೀಟರ್ ಅಂತ ತೋರಿಸಿದರೆ, ನೀನು 212 ಮೀಟರಿಗೆ ಹೊಡೆಯುವ ಹಾಗೆ ಗುರಿ ಇಡಬೇಕು. ಈಗಿನ ದೂರ ಅಳೆಯುವ ಯಂತ್ರಗಳು ಎರಡೂ ಅಂಕಿ ತೋರಿಸುತ್ತವೆ. ನನಗೆ ಗೊತ್ತಿರಲಿಲ್ಲ. ನನ್ನ ಮೊದಲ ಗುಂಡು ಅದರ ಬೆನ್ನ ಮೇಲೆ ಹಾದು ಹಿಂದಿನ ಬಂಡೆಗೆ ಬಡಿಯಿತು. ಅದು ತಲೆ ಎತ್ತಿ ನೋಡಿ, ನಡೆದುಕೊಂಡೇ ಹೋಯಿತು. ಓಡಲೂ ಇಲ್ಲ. ಅಷ್ಟು ಮರ್ಯಾದೆ ನನಗೆ!

ಈಗ ಮುಖ್ಯ ಮಾತು. ಎರಡನೇ ದಿನ ಮಧ್ಯಾಹ್ನ ಒಂದು ಭಾರೀ ಗಂಡು ಸಿಕ್ಕಿತು. ಬಂಡೆಯ ಅಂಚಿನಲ್ಲಿ ಮಲಗಿತ್ತು, ಗಾಳಿಗೆ ಕುತ್ತಿಗೆ ಕೂದಲು ಹಾರುತ್ತಿತ್ತು. 200 ಮೀಟರ್ ಇರಬಹುದು. ನಾನು ರೈಫಲ್ ಬ್ಯಾಗಿನ ಮೇಲೆ ಇಟ್ಟೆ. ಯಜಮಾನ ನನ್ನ ಹೆಗಲ ಮೇಲೆ ಕೈಯಿಟ್ಟು, ಇದು ಬಿದ್ದರೆ ಎಲ್ಲಿಗೆ ಬೀಳುತ್ತದೆ ಅಂತ ಕೇಳಿದ. ದುರ್ಬೀನಿನಲ್ಲಿ ನೋಡಿದೆ. ಅದರ ಕೆಳಗೆ ಒಂದು ಕೊರಕಲು, ಪೂರ್ತಿ ಮಂಜುಗಡ್ಡೆ, ತುದಿ ಕಾಣಲಿಲ್ಲ. ಅಲ್ಲಿಗೆ ನಾವು ಹೋಗುವ ಹಾಗಿಲ್ಲ. ರೈಫಲ್ ವಾಪಸ್ ಎತ್ತಿಕೊಂಡೆ. ಅರ್ಧ ತಾಸು ಅದನ್ನೇ ನೋಡುತ್ತಾ ಕೂತೆವು. ಅವನು ಕೋಡಿನ ಉಂಗುರ ಎಣಿಸಿ ವಯಸ್ಸು ಹೇಳಿದ. ವರ್ಷಕ್ಕೊಂದು ಉಂಗುರ.

ಮರುದಿನ ಬುದ್ಧಿ ಕೆಟ್ಟಿತು. ನಾವು ಮಾಡಿಕೊಂಡ ಕರಾರು ಏನಂದರೆ, ಮೂರರ ನಂತರ ಗುಂಡು ಇಲ್ಲ. ತಾರ್ ಹಗಲೆಲ್ಲ ಬಂಡೆಯಲ್ಲಿ ಮಲಗಿ ಸಂಜೆ ಮೇಯಲು ಇಳಿಯುತ್ತವೆ. ಆಸೆ ಹುಟ್ಟಿಸುವ ಹೊತ್ತೇ ಅದು. 3.40ಕ್ಕೆ ಒಂದು ಗಂಡು ಹುಲ್ಲಿಗೆ ಇಳಿಯಿತು. ಯಜಮಾನ ಬೇಡ ಅಂತ ತಲೆ ಅಲ್ಲಾಡಿಸಿದ. ನಾನು ಹೊಡೆದೆ. ಬಿತ್ತು. ಬಿದ್ದದ್ದು ಜಾರಿತು, ಜಾರಿದ್ದು ಉರುಳಿತು. ನಾವು ಅದರ ಹತ್ತಿರ ಹೋಗುವಾಗ ಹೆಡ್‌ಲ್ಯಾಂಪ್ ಹಾಕಿದ್ದೆವು. ಒಂದು ಕೋಡು ಮುರಿದಿತ್ತು. ಕತ್ತಲಲ್ಲಿ, ಕೈ ಮರಗಟ್ಟಿದಾಗ ಚಾಕು ಹಿಡಿಯುವುದು ಏನು ಅಂತ ಅವತ್ತು ಗೊತ್ತಾಯಿತು. ಯಜಮಾನ ಒಂದು ಮಾತೂ ಬೈಯಲಿಲ್ಲ. ರಾತ್ರಿ ಹನ್ನೊಂದಕ್ಕೆ ಗುಡಿಸಲು ಮುಟ್ಟಿ, ಸ್ಟವ್ ಹಚ್ಚಿ, ನನಗೆ ಮೊದಲು ಚಹಾ ಕೊಟ್ಟ. ಅದಕ್ಕಿಂತ ಬೈದಿದ್ದರೆ ಚಲೋ ಇತ್ತು.

ಉಳಿದದ್ದು ಚುಟುಕಾಗಿ. ನಿನಗೆ ಬೇರೆ ಲೈಸೆನ್ಸ್ ಬೇಡ ಅಂದರೆ ಭಾವ ಪ್ರತಿಕ್ಷಣ ನಿನ್ನ ಪಕ್ಕದಲ್ಲೇ ಇರಬೇಕು, ಲೈಸೆನ್ಸ್ ಇದ್ದವರ ನೇರ ನಿಗಾ ಅಂತ ಅಲ್ಲಿಯ ಕಾನೂನು. ಅವನೊಂದು ಗುಡ್ಡ ನೀನೊಂದು ಗುಡ್ಡ ನಡೆಯುವುದಿಲ್ಲ. ಒಬ್ಬನೇ ಹಿಡಿಯಬೇಕೆಂದರೆ ಅಲ್ಲಿ ಬಂದೂಕಿನ ಲೈಸೆನ್ಸ್ ಕೊಡುವ ಇಲಾಖೆಗೆ ಮೊದಲೇ ಅರ್ಜಿ ಹಾಕಿ ಪ್ರವಾಸಿಗರ ಲೈಸೆನ್ಸ್ ತೊಗೋ. ಪಶ್ಚಿಮದ ಕಡೆ ಕೆಲವು ಕಾಡಿಗೆ ಹೆಲಿಕಾಪ್ಟರಿನಲ್ಲಿ ಇಳಿಯಲು ಚೀಟಿ ಎತ್ತುತ್ತಾರೆ, ಅದು ಭಾವನಿಗೆ ಗೊತ್ತಿರುತ್ತದೆ. ಹತ್ತುವಾಗ ರೈಫಲ್ಲಿನ ಚೇಂಬರ್ (ಗುಂಡು ಕೂಡುವ ಜಾಗ) ಖಾಲಿ ಇರಲಿ. ಅನುಮಾನ ಇದ್ದರೆ ಹೊಡೆಯಬೇಡ. ಅಲ್ಲಿ ಬೇಟೆಗಾರರು ತಮ್ಮ ಜೊತೆಗಾರನನ್ನೇ ಪ್ರಾಣಿ ಅಂದುಕೊಂಡು ಹೊಡೆದ ಪ್ರಕರಣಗಳಿವೆ. ಮೊಬೈಲ್ ಸಿಗ್ನಲ್ ಇರುವುದಿಲ್ಲ, ಬಟನ್ ಒತ್ತಿದರೆ ಉಪಗ್ರಹಕ್ಕೆ ಸುದ್ದಿ ಹೋಗುವ ಬೀಕನ್ ಬಾಡಿಗೆಗೆ ಸಿಗುತ್ತದೆ. ಅದು ಬ್ಯಾಗಿನಲ್ಲಿ ಅಲ್ಲ, ಮೈಮೇಲೆ ಇರಲಿ. ಬ್ಯಾಗು ಉರುಳಿ ಹೋಗುತ್ತದೆ. ಹೊಳೆ ದಾಟುವುದನ್ನು ಹಗುರಾಗಿ ತೊಗೋಬೇಡ. ಅಲ್ಲಿಯ ಹೊಳೆ ಕಲ್ಲುಗುಂಡಿನ ಮೈದಾನದಲ್ಲಿ ಹತ್ತು ಸೀಳಾಗಿ ಹರಿಯುತ್ತದೆ, ಮಳೆ ಬಂದರೆ ಬೆಳಿಗ್ಗೆ ದಾಟಿದ ಜಾಗ ಸಂಜೆಗೆ ಇರುವುದಿಲ್ಲ. ಇಲಿ, ಪಾಸಮ್ ಕೊಲ್ಲಲು 1080 ಅನ್ನುವ ವಿಷ ಹಾಕಿದ ಕಾಡುಗಳಿವೆ, ಮಾಂಸ ತಿನ್ನುವ ಮೊದಲು ಆ ಪಟ್ಟಿ ನೋಡಿಕೊಳ್ಳಿ.

ಮತ್ತೆ, ರಾತ್ರಿ ಶೂ ಹೊರಗೆ ಬಿಡಬೇಡ. ಕೀಯ ಅಂತ ಒಂದು ಬೆಟ್ಟದ ಗಿಣಿ ಇದೆ, ಹಸಿರು ಬಣ್ಣ, ಮಹಾ ತುಂಟ. ನನ್ನ ಒಂದು ಶೂದ ಲೇಸ್ ಪೂರ್ತಿ ತುಂಡು ಮಾಡಿ, ಇನ್ನೊಂದರ ಒಳಗಿನ ಪ್ಯಾಡು ಎಳೆದು ಹಾಕಿತ್ತು. ಹೊಡೆಯುವ ಹಾಗಿಲ್ಲ, ಅದು ಸಂರಕ್ಷಿತ. ಬೈಯಬಹುದು. ನಾನು ಶುದ್ಧ ಬೆಳಗಾವಿ ಭಾಷೆಯಲ್ಲಿ ಬೈದೆ.

ಬೊರಿವಲಿ ಅಕ್ಕ (ಮುಂಬಯಿ)

ನಾನು ಉಡುಪಿ ಕಡೆಯವಳು, ಹುಟ್ಟಿದ್ದು ಇಲ್ಲೇ. ಬೇಟೆ ನನಗೆ ಆಗುವುದಿಲ್ಲ ಮಾರಾಯ್ರೆ, ಅದನ್ನು ಮೊದಲೇ ಹೇಳುತ್ತೇನೆ. ನಮ್ಮ ಬಿಲ್ಡಿಂಗಿನ ಹಿಂದಿನ ಗೋಡೆ ಆಚೆ ಸಂಜಯ್ ಗಾಂಧಿ ಪಾರ್ಕು. ಚಿರತೆ ವಾಚ್‌ಮನ್ ಕುರ್ಚಿ ಪಕ್ಕದಲ್ಲಿ ನಡೆದು ಹೋಗಿದ್ದು ಸಿಸಿಟಿವಿಯಲ್ಲಿ ನೋಡಿದ್ದೇವೆ. ಯಾರೂ ಕೋವಿ ಕೇಳಲಿಲ್ಲ. ಕಸದ ಡಬ್ಬಿಗೆ ಮುಚ್ಚಳ ಹಾಕಿಸಿದೆವು, ಅಷ್ಟೆ.

ಆದರೆ ನಾನು ಬಂದದ್ದು ಜಗಳಕ್ಕಲ್ಲ. ನ್ಹಾವಾ ಶೇವಾ ಬಂದರಿನಲ್ಲಿ ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ 16 ವರ್ಷ ಕೆಲಸ ಮಾಡಿದ್ದೇನೆ. ಕೋಡಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದಕ್ಕೆ ಬರೆದೆ.

ಕೋಡು ತರಬೇಡಿ. ಕೋಡು, ಚರ್ಮ, ಹಲ್ಲು, ಒಂದು ಹಿಡಿ ಕೂದಲೂ ಬೇಡ. ಕಾಡುಪ್ರಾಣಿಯ ಅಂಗಾಂಗ ಆಮದು ಮಾಡುವುದಕ್ಕೆ ನಮ್ಮಲ್ಲಿ ನಿಷೇಧ ಇದೆ. ಅದರ ಮೇಲೆ ಹಿಮಾಲಯದ ತಾರ್ ನಮ್ಮ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿದೆ. ಹುಲಿ ಇರುವ ಪಟ್ಟಿ ಅದು. ಅಲ್ಲಿ ಪೀಡೆ ಅಂತ ಹೊಡೆದದ್ದು ಇಲ್ಲಿ ಏರ್‌ಪೋರ್ಟಿನಲ್ಲಿ ಇಳಿದ ಕೂಡಲೇ ಒಂದನೇ ಶೆಡ್ಯೂಲ್ ಆಗುತ್ತದೆ. ಅಲ್ಲಿಯ ಪರ್ಮಿಟ್ ತೋರಿಸಿ ಏನೂ ಉಪಯೋಗ ಇಲ್ಲ. 'ಗೊತ್ತಿರಲಿಲ್ಲ ಸಾರ್' ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಅದನ್ನು ಕೇಳಿ ಸಾಮಾನು ಬಿಟ್ಟ ಆಫೀಸರನ್ನು ನಾನು ನೋಡಿಲ್ಲ. ಭಾವನ ಮನೆ ಗೋಡೆಗೆ ಹಾಕಿಸಿ, ಅಕ್ಕ ಒಪ್ಪಿದರೆ.

ಹೋಗುವಾಗಲೂ ಒಂದು ಇದೆ. ನಿಮ್ಮ ಶೂ. ಸಹ್ಯಾದ್ರಿ ಮಣ್ಣು ಮೆತ್ತಿಕೊಂಡ ಶೂ, ಗೇಟರ್, ಟೆಂಟು ಎಲ್ಲ ಅಲ್ಲಿ ಇಳಿಯುವಾಗ ತುಂಬುವ ಫಾರಮ್ಮಿನಲ್ಲಿ ಬರೆಯಬೇಕು. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ತಿಂಡಿಯೂ ಅಷ್ಟೆ. ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲ ಬರೆಯಿರಿ. ಜೇನುತುಪ್ಪ ಒಯ್ಯಲೇಬೇಡಿ. ಅಕ್ಕನಿಗೆ ಕೊಪ್ಪದ ಜೇನು ಅಂತ ನಿಮ್ಮ ಅಮ್ಮ ಖಂಡಿತ ಒಂದು ಬಾಟಲಿ ತುರುಕುತ್ತಾರೆ, ಹೊರಡುವ ಮೊದಲು ಬ್ಯಾಗು ನೀವೇ ಒಮ್ಮೆ ನೋಡಿ.

ಇನ್ನೊಂದು ಕೇಳಬೇಕು ಅನ್ನಿಸಿತು. ಹಿಮಾಲಯದಲ್ಲಿ ಅದೇ ಪ್ರಾಣಿ ಕಡಿಮೆಯಾಗುತ್ತಿದೆ, ಅಲ್ಲಿ ಜಾಸ್ತಿಯಾಗಿದೆ. ಅದು ತಾನಾಗಿ ಹಡಗು ಹತ್ತಿ ಹೋಗಲಿಲ್ಲವಲ್ಲ. ಹೊಡೆಯುವ ಮೊದಲು ಒಮ್ಮೆ ಇದು ನೆನಪಾದರೆ ಸಾಕು ನನಗೆ.

ಬೆಳಗಾಂವಿ ಕಾಕಾ (ಪಿಂಪರಿ ಚಿಂಚವಡ)

ಅಕ್ಕಾವ್ರ, ನೀವು ಹೇಳಿದ್ದು ಖರೆ. ಶೂ ವಿಷಯ ನಾನು ಮರೆತಿದ್ದೆ. ನಾನು ಫಾರಮ್ಮಿನಲ್ಲಿ ಬರೆದಿದ್ದೆ. ಒಬ್ಬ ಹುಡುಗಿ ನನ್ನ ಶೂ ಒಳಗೆ ತೊಗೊಂಡು ಹೋಗಿ, ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದು ಕೊಟ್ಟಳು. 52 ವರ್ಷದಲ್ಲಿ ನನ್ನ ಶೂ ಇನ್ನೊಬ್ಬರು ತೊಳೆದದ್ದು ಅದೇ ಮೊದಲು, ಅದೂ ಸರ್ಕಾರಿ ನೌಕರಳು. ಶೇಂಗಾ ಚಟ್ನಿ ಮೂಸಿ ನೋಡಿ ಸೀನಿದಳು, ಬಿಟ್ಟಳು.

ನಿಮ್ಮ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿಯವರಲ್ಲೂ ಒಮ್ಮತ ಇಲ್ಲರೀ. 2020ರಲ್ಲಿ ಸರ್ಕಾರ ರಾಷ್ಟ್ರೀಯ ಉದ್ಯಾನದ ಒಳಗೆ ಒಂದೂ ಉಳಿಯಬಾರದು ಅಂತ ಹೊರಟಾಗ, ಬೇಟೆಗಾರರೇ ಕೋರ್ಟಿಗೆ ಹೋಗಿ ತಕರಾರು ಮಾಡಿದರು. ಹೊಡೆಯುವವರೇ ಉಳಿಸಿ ಅಂತ ಕೇಳಿದ್ದು.

ಕೊಪ್ಪದವ (ಪುಣೆ, ಬಾಣೇರ್)

ಕಾಕಾ, ಅಕ್ಕ, ಇಬ್ಬರಿಗೂ ತುಂಬ ಥ್ಯಾಂಕ್ಸ್. ಕೋಡಿನ ಆಸೆ ಬಿಟ್ಟೆ. ಅಮ್ಮ ನಿನ್ನೆಯೇ ಜೇನಿನ ಮಾತು ಎತ್ತಿದ್ದರು, ಬೊರಿವಲಿ ಅಕ್ಕನಿಗೆ ಹೇಗೆ ಗೊತ್ತಾಯಿತೋ.

ಭಾವನಿಗೆ ಫೋನ್ ಮಾಡಿ ಏಪ್ರಿಲ್ ಕೊನೆ ಅಂದೆ. ಸ್ವಲ್ಪ ಮುಖ ಊದಿಸಿಕೊಂಡರು, ಕೂದಲು ಬಂದಿರಲ್ಲ ಅಂತ. 'ನಂಗೆ ಐಸ್ ಮೇಲೆ ನಡೆಯಕ್ಕೆ ಬರಲ್ಲ ಭಾವ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಂಗೂ ಅಷ್ಟಕ್ಕಷ್ಟೇ' ಅಂದರು. ಐದು ವರ್ಷದಿಂದ ಹಾಕುತ್ತಿರುವ ಆ ಫೋಟೋಗಳನ್ನೆಲ್ಲ ಎಲ್ಲಿ ನಿಂತು ತೆಗೆದರು ಅಂತ ಈಗ ಅನುಮಾನ ಬರುತ್ತಿದೆ.

ಭಾನುವಾರ ಸಿಂಹಗಡಕ್ಕೆ ಹೋಗಿದ್ದೆ. ಬೆಳಿಗ್ಗೆ ಐದೂವರೆಗೆ ಆತಕರವಾಡಿ ಬಿಟ್ಟೆ. ಕಾಕಾ ಹೇಳಿದ್ದು 8 ಲೀಟರ್, ನಾನು ಜಾಣತನ ಮಾಡಿ 12 ಹಾಕಿದೆ. ಕಾಲು ಭಾಗ ಹತ್ತುವಾಗಲೇ ನೀರು ಕ್ಯಾನಿನೊಳಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಳೆಯಲು ಶುರು ಮಾಡಿತು. ಕುಡಿದವನನ್ನು ಹೊತ್ತುಕೊಂಡು ಹೋದ ಹಾಗೆ. ಕಾಲೇಜು ಹುಡುಗರು ಸ್ಪೀಕರ್ ಹಾಕಿಕೊಂಡು ನನ್ನನ್ನು ದಾಟಿ ಹೋದರು. ಅರವತ್ತು ದಾಟಿದ ಒಬ್ಬರು ಚಪ್ಪಲಿಯಲ್ಲಿ ದಾಟಿ ಹೋದರು. ಮೇಲೆ ಮುಟ್ಟಲು ನನಗೆ ಎರಡು ತಾಸು ಹಿಡಿಯಿತು.

ಮೇಲೆ ಮಡಕೆ ಮೊಸರು ಮಾರುವ ಆಯಿ ಬ್ಯಾಗು ಇಳಿಸಿದ ಸದ್ದಿಗೆ ತಿರುಗಿ ನೋಡಿದರು. 'ಕಾಯ್ ಆಹೇ ದಾದಾ ಬ್ಯಾಗೇತ್?' (ಬ್ಯಾಗಲ್ಲಿ ಏನಣ್ಣ?) ಅಂದರು. ಪಾಣಿ ಅಂದೆ. 'ಇಥೇ ಮಿಳತಂ ಕೀ ಪಾಣಿ!' (ನೀರು ಇಲ್ಲೇ ಸಿಗುತ್ತಲ್ಲ!) ಅಂತ ಪಕ್ಕದ ಅಂಗಡಿಯವರಿಗೂ ಕೂಗಿ ಹೇಳಿ ನಕ್ಕರು. ಎರಡು ಮಡಕೆ ಮೊಸರು ತಿಂದೆ. ವಾಪಸ್ ಹೊರಡುವಾಗ ನೀರು ಅಲ್ಲೇ ಕೊಟ್ಟು ಹೋಗು ಅಂತ ಆಯಿ ಕೊಡ ತಂದು ಮುಂದಿಟ್ಟರು. ಕಾಕಾ, ನಿಮ್ಮನ್ನು ನೆನೆಸಿಕೊಂಡು ಆಗಲ್ಲ ಅಂದೆ. ಅವರ ಮುಖ ನೋಡಬೇಕಿತ್ತು. ಮೇಲೆ ನೀರು ಹೊತ್ತು ತಂದು, ಕೆಳಗೆ ನೀರು ಹೊತ್ತುಕೊಂಡು ಹೋಗುವ ಮನುಷ್ಯ.

ಇಳಿಯುವಾಗ ಅರ್ಧದಲ್ಲಿ ಬಲ ಮಂಡಿಯ ಹೊರಬದಿ ಹಿಡಿದುಕೊಂಡಿತು. ಮೊಣಕಾಲು ಮಡಚಿದರೆ ನೋವಿಲ್ಲ, ನೇರ ಮಾಡಿ ಭಾರ ಬಿಟ್ಟರೆ ಚುಚ್ಚುತ್ತದೆ. ಹೆಗಲೂ ಕಿತ್ತುಬರುವ ಹಾಗಿತ್ತು, ಪಟ್ಟಿಯ ಗುರುತು ಇನ್ನೂ ಕೆಂಪಗಿದೆ. ಅದನ್ನು ಹೆಂಡತಿ ನೋಡಿದಳು. ಹಾಗಾಗಿ ಮನೆಯಲ್ಲಿ ಈಗ ಎಲ್ಲ ಗೊತ್ತಾಗಿದೆ. ಬೈಯುತ್ತಾಳೆ ಅಂದುಕೊಂಡೆ. ತೂಕ 75ಕ್ಕೆ ಬಂದರೆ ಹೋಗಬಹುದು ಅಂತ ಷರತ್ತು ಹಾಕಿದಳು. ತಾರ್ ಹೊಡೆಯುವುದೇ ಸುಲಭ ಅನ್ನಿಸುತ್ತಿದೆ.

ಮಂಡಿಗೆ ಏನು ಮಾಡುವುದು ಕಾಕಾ? ಎರಡು ವಾರ ಬಿಡಲಾ?

ಬೆಳಗಾಂವಿ ಕಾಕಾ (ಪಿಂಪರಿ ಚಿಂಚವಡ)

8 ಅಂದರೆ 8 ತಮ್ಮಾ, ಹರಾಜು ಕೂಗಿದ್ದಲ್ಲ. ಒಂದು ವಾರ ಭಾರ ಬೇಡ, ಸಪಾಟು ರಸ್ತೆಯಲ್ಲಿ ನಡಿ. ನೋವು ಹೋಗಲಿಲ್ಲ ಅಂದರೆ ಫಿಸಿಯೋ ಹತ್ತಿರ ಹೋಗು, ಇಲ್ಲಿ ಕೇಳಬೇಡ. ಎರಡು ಕೋಲು ತೊಗೋ, ಇಳಿಯುವಾಗ ಭಾರ ಕೈಗೂ ಹಂಚಿ ಹೋಗುತ್ತದೆ. ನೀರು ಒಂದೇ ಕ್ಯಾನಿನಲ್ಲಿ ಹಾಕಬೇಡ, ಲೀಟರ್ ಬಾಟಲಿಯಲ್ಲಿ ಗಂಟಲವರೆಗೆ ತುಂಬಿ, ನಡುವೆ ಟವೆಲ್ ತುರುಕು, ಅಲ್ಲಾಡುವುದಿಲ್ಲ.

ಹೆಗಲು ಕೆಂಪಾಗಿದೆ ಅಂದರೆ ಸೊಂಟದ ಬೆಲ್ಟು ತಪ್ಪು ಕಟ್ಟಿದ್ದೀ. ಅದು ಹೊಟ್ಟೆಯ ಮೇಲೆ ಅಲ್ಲ, ಸೊಂಟದ ಎಲುಬಿನ ಮೇಲೆ ಕೂಡಬೇಕು. ಬರುವ ಭಾನುವಾರದ ಆಚೆ ಭಾನುವಾರ ನಾನೂ ಬರುತ್ತೇನೆ. ಐದಕ್ಕೆ ಆತಕರವಾಡಿ ಪಾರ್ಕಿಂಗ್. ಬ್ಯಾಗು ಖಾಲಿ ತೊಗೊಂಡು ಬಾ, ಅಲ್ಲೇ ಕಟ್ಟಿ ತೋರಿಸುತ್ತೇನೆ. ಮೊಸರು ನಿನ್ನ ಲೆಕ್ಕಕ್ಕೆ.